ಅರ್ಕಾವತಿ ಬತ್ತಿದ್ದು ಮಳೆ ಇಲ್ಲದೆನಾ, ನಮ್ಮಿಂದಾನಾ?

ರಾಗಿಹೊಲ (ದೊಡ್ಡಬಳ್ಳಾಪುರ)

ಹೋದ ವಾರ ನಮ್ಮೂರ ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಇನ್ನೊಂದು ಬೋರ್ ಕೊರೆಸಿ ಅಂತ ಒಂದು ಗುಂಪು. ಘಟ್ಟದ ಕಡೆಯಿಂದ ಎತ್ತಿನಹೊಳೆ ನೀರು ಬರುತ್ತೆ, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ ಅಂತ ಇನ್ನೊಂದು ಗುಂಪು. ಎರಡೂ ಕಡೆಯವರು ಒಪ್ಪಿದ್ದು ಒಂದೇ ಮಾತಿಗೆ: "ಮಳೆ ಕಡಿಮೆ ಆಯ್ತು, ಅದಕ್ಕೇ ಹೊಳೆ ಬತ್ತಿತು."

ನನಗೆ ಈ ಮಾತು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುತ್ತಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುವ ಈ ಹೊಳೆಯ ಉದ್ದ ಸುಮಾರು 190 ಕಿ.ಮೀ. ಬೆಂಗಳೂರಿಗೆ ಕಾವೇರಿ ಬಂದಿದ್ದು 1974ರಲ್ಲಿ. ಅದಕ್ಕೂ ಮೊದಲು ಊರು ಕುಡಿಯುತ್ತಿದ್ದುದು ಅರ್ಕಾವತಿಯನ್ನೇ. 1894ರಲ್ಲಿ ಹೆಸರಘಟ್ಟ ಕೆರೆ, ಅದು ಸಾಲದೆ ಬಂದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಒಂದು ರಾಜಧಾನಿಗೆ ನೀರು ಕೊಟ್ಟ ಹೊಳೆಯಲ್ಲಿ ಈಗ ನಮ್ಮ ಕಡೆ ದನ ಮೇಯುತ್ತವೆ. ಮಳೆ ಮಾತ್ರ ಬೀಳುತ್ತಲೇ ಇದೆ. ಹೋದ ವರ್ಷವೂ ಕೊಯ್ಲಿನ ಹೊತ್ತಿಗೆ ಸುರಿದು ರಾಗಿ ಮಲಗಿಸಿತು.

ಗೊತ್ತಿರುವವರು ಹೇಳಿ. ಮುಂದಿನ ಸಭೆಯಲ್ಲಿ ಮಾತಾಡಬೇಕು. ಬರೀ ಸಿಟ್ಟು ಸಾಕಾಗಲ್ಲ, ವಿಷಯ ಬೇಕು.

ಮಾಗಡಿ ರೋಡ್

ಇದರಲ್ಲಿ ಚರ್ಚೆಗೆ ಏನಿದೆ ಸರ್? ಹವಾಮಾನ ಬದಲಾವಣೆ. ಪ್ರಪಂಚದಲ್ಲೆಲ್ಲಾ ಹೀಗೇ ಆಗ್ತಿದೆ. ನಮ್ಮ ಕೈಲಿ ಏನಿದೆ?

ಹಳೇ ಇಂಜಿನಿಯರು

ಮಾಗಡಿ ರೋಡ್ ಅವರೇ, "ನಮ್ಮ ಕೈಲಿ ಏನಿದೆ" ಅನ್ನುವ ಮಾತು ಎಲ್ಲರಿಗೂ ಹಿತವಾಗಿರುತ್ತದೆ. ಆದರೆ ಅರ್ಕಾವತಿ ವಿಷಯದಲ್ಲಿ ಅದು ನಿಲ್ಲುವುದಿಲ್ಲ.

ಬೆಂಗಳೂರಿನ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಬೇರೆ ವಿಶ್ವವಿದ್ಯಾಲಯದವರ ಜೊತೆ ಸೇರಿ ಇದೇ ಪ್ರಶ್ನೆ ಹಿಡಿದು ಕೆಲಸ ಮಾಡಿದರು. 2015ರಲ್ಲಿ ಪ್ರಕಟವಾಯಿತು. ತಿಪ್ಪಗೊಂಡನಹಳ್ಳಿಗೆ ಬರುವ ನೀರು ಯಾಕೆ ಇಳಿಯಿತು ಅಂತ ಒಂದೊಂದೇ ಅನುಮಾನ ತೆಗೆದುಕೊಂಡು ನೋಡಿದರು. ಮಳೆ ಕಡಿಮೆಯಾಯಿತಾ? ಬೀಳುವ ರೀತಿ ಬದಲಾಯಿತಾ? ಬಿಸಿಲು ಜಾಸ್ತಿಯಾಗಿ ಆವಿಯಾಗುತ್ತಿದೆಯಾ? ಇವು ಯಾವುದರಲ್ಲೂ ಹೊಳೆ ಬತ್ತುವಷ್ಟು ಬದಲಾವಣೆ ಕಾಣಲಿಲ್ಲ. ಉಳಿದದ್ದು ಅಂತರ್ಜಲದ ಕುಸಿತ ಮತ್ತು ನೀಲಗಿರಿ ತೋಪು. ಹಳ್ಳಗಳಿಗೆ ಅಲ್ಲಲ್ಲಿ ಕಟ್ಟಿದ ಚೆಕ್ ಡ್ಯಾಂಗಳ ಪಾಲೂ ಒಂದಷ್ಟಿದೆ.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಭೆಯಲ್ಲಿ ಹೇಳಲು ಇದೇ ಮುಖ್ಯ.

ಮಳೆ ಬಿದ್ದ ದಿನ ಹೊಳೆ ಹರಿಯುವುದು ದೊಡ್ಡದಲ್ಲ. ಬೀದಿಯೂ ಹರಿಯುತ್ತದೆ. ಮಳೆ ನಿಂತು ಎರಡು ತಿಂಗಳಾದ ಮೇಲೂ ಹರಿದರೆ ಅದು ಹೊಳೆ. ಆ ನೀರು ಎಲ್ಲಿಂದ ಬರುತ್ತದೆ? ನೆಲದೊಳಗಿಂದ. ನಮ್ಮ ಕಡೆ ಕೆಳಗೆ ಇರುವುದು ಗಟ್ಟಿ ಕಲ್ಲು. ಮೇಲಿನ ಅರವತ್ತು ಎಪ್ಪತ್ತು ಅಡಿ, ಕೆಲವು ಕಡೆ ನೂರಡಿ, ಶಿಥಿಲವಾದ ಕಲ್ಲು ಮತ್ತು ಮಣ್ಣು. ಮಳೆ ನೀರು ಆ ಪದರದಲ್ಲಿ ತುಂಬಿಕೊಂಡು, ತಗ್ಗಿನ ಕಡೆ ನಿಧಾನಕ್ಕೆ ಜಿನುಗಿ, ಹೊಳೆಯ ಪಾತ್ರದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ತೆರೆದ ಬಾವಿಗಳಿಗೆ ಬರುತ್ತಿದ್ದುದೂ ಇದೇ ನೀರು. ಬಾವಿಯಲ್ಲಿ ನೀರು ಹೊಳೆ ಮಟ್ಟಕ್ಕಿಂತ ಮೇಲಿದ್ದಷ್ಟು ದಿನ ಬಾವಿಯೂ ಇರುತ್ತದೆ, ಹೊಳೆಯೂ ಇರುತ್ತದೆ.

ಬೋರು ಬಂದ ಮೇಲೆ ಆ ಮೇಲಿನ ಪದರ ಮೊದಲು ಖಾಲಿಯಾಯಿತು. ಆಮೇಲೆ ಕೆಳಗಿನ ಕಲ್ಲಿನ ಬಿರುಕುಗಳಿಗೆ ಹೋದೆವು. ಈಗ ನೀರಿನ ಮಟ್ಟ ಹೊಳೆಯ ತಳಕ್ಕಿಂತ ನೂರಾರು ಅಡಿ ಕೆಳಗೆ. ನೆಲ ಹೊಳೆಗೆ ನೀರು ಕೊಡುವ ಕಾಲ ಹೋಗಿ, ಹೊಳೆಯೇ ನೆಲಕ್ಕೆ ನೀರು ಕೊಡುವ ಹಾಗಾಗಿದೆ. ಮೊದಲ ನಾಲ್ಕು ಮಳೆ ಪಾತ್ರದಲ್ಲೇ ಇಂಗಿಹೋಗುತ್ತದೆ. 2022ರಂಥ ಮಳೆ ಬಂದರೆ ಮಾತ್ರ ಹೆಸರಘಟ್ಟ ತುಂಬುವುದು. ದಶಕಗಳ ನಂತರ ತುಂಬಿತು ಅಂತ ಜನ ನೋಡಲು ಹೋಗಿದ್ದು ನೆನಪಿರಬೇಕು.

ಅರ್ಕಾವತಿಯನ್ನು ಮೇಲಿಂದ ಯಾರೂ ಕಟ್ಟಿಹಾಕಲಿಲ್ಲ. ಕೆಳಗಿಂದ ಎಳೆದುಕೊಂಡೆವು.

ಬೋರ್‌ಲಾರಿ

ಇಂಜಿನಿಯರ್ ಸಾರ್ ಹೇಳಿದ್ದು ಸರಿ. ನಾನು ಬೋರ್ ಕೊರೆಯೋ ರಿಗ್ ಲಾರಿ ಜೊತೆ ಓಡಾಡಿದವನು, ಕಣ್ಣಾರೆ ಕಂಡಿದ್ದು ಹೇಳ್ತೀನಿ.

ಮೊದಲು ಕೆಂಪು ಮಣ್ಣು ಬರುತ್ತೆ. ಆಮೇಲೆ ಹಳದಿ, ಮೆತ್ತಗಿನ ಕಲ್ಲು. ಗಟ್ಟಿ ಕಲ್ಲು ಸಿಗೋವರೆಗೂ ಕೇಸಿಂಗ್ ಪೈಪ್ ಇಳಿಸ್ತೀವಿ. ಇಂಜಿನಿಯರ್ ಸಾರ್ ಹೇಳಿದ ಆ ಮೇಲಿನ ಪದರ ಇದೆಯಲ್ಲ, ಅದು ನಮಗೆ ಈಗ ಕೇಸಿಂಗ್ ಹಾಕೋ ಜಾಗ ಅಷ್ಟೆ. ಅಲ್ಲಿ ನೀರು ಇರುತ್ತೆ ಅಂತ ಯಾರೂ ನೋಡೋದೂ ಇಲ್ಲ. ಅಲ್ಲಿಂದ ಕೆಳಗೆ ಬರೀ ಬೂದು ಪುಡಿ. ಐನೂರು ಅಡಿ ಪುಡಿ. ಎಂಟುನೂರು ಅಡಿ ಪುಡಿ. ಮನೆಯವರೆಲ್ಲಾ ಮುಖಕ್ಕೆ ಟವೆಲ್ ಕಟ್ಟಿಕೊಂಡು ಸುತ್ತ ನಿಂತಿರ್ತಾರೆ. ಪುಡಿ ಸ್ವಲ್ಪ ಒದ್ದೆಯಾದರೆ ಸಾಕು, ಗಂಗಮ್ಮ ಬಂದಳು ಅಂತ ಕೈ ಮುಗಿತಾರೆ. ಸಾವಿರದ ಇನ್ನೂರು ದಾಟಿದ ಮೇಲೆ ಒಂದೂವರೆ ಇಂಚು ನೀರು ಬಂದರೆ ಹಬ್ಬ. ಎಷ್ಟೋ ಸಲ ಆರು ತಿಂಗಳಿಗೆ ಅದೂ ನಿಲ್ಲುತ್ತೆ. ಆಗ ಪಕ್ಕದಲ್ಲೇ ಇನ್ನೊಂದು ಪಾಯಿಂಟ್.

ರಿಗ್ ನವರನ್ನ ಬೈಯೋದು ಸುಲಭ. ನಾವೇನು ಕರೀದೆ ಬರ್ತೀವಾ? ದ್ರಾಕ್ಷಿ ತೋಟ ಒಣಗ್ತಾ ಇದ್ದಾಗ ರೈತ ಒಡವೆ ಅಡ ಇಟ್ಟು ಫೋನ್ ಮಾಡ್ತಾನೆ. ಅವನಿಗೆ ಹೊಳೆ ಕಥೆ ಹೇಳೋಕಾಗುತ್ತಾ?

ರಾಗಿಹೊಲ (ದೊಡ್ಡಬಳ್ಳಾಪುರ)

ಬೋರ್‌ಲಾರಿ ಅಣ್ಣ, ಬೈಯಲ್ಲ ಬಿಡಿ. ನಮ್ಮ ಮನೆಯಲ್ಲೂ ಒಡವೆ ಹೋಗಿದೆ.

ಆದರೆ ಒಂದು ಲೆಕ್ಕ ನೋಡಿ. ಹತ್ತು ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಮೂರು ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದ್ದಕ್ಕೆ ಎಲ್ಲರೂ ಮೋಟಾರಿಗೆ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೂ ಮೋಟಾರ್ ಓಡುತ್ತದೆ, ಗಿಡಕ್ಕೆ ಬೇಕೋ ಬೇಡವೋ. ಬೆಳಗ್ಗೆ ನೋಡಿದರೆ ಬದು ದಾಟಿ ನೀರು ದಾರಿಗೆ ಹರಿದಿರುತ್ತದೆ.

ಇನ್ನು ನೀಲಗಿರಿ. ನಮ್ಮ ಹೋಬಳಿಯಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳೆಲ್ಲಾ ತೋಪಾದವು. ಆ ತೋಪಿನ ಪಕ್ಕದ ಸಾಲಿನಲ್ಲಿ ರಾಗಿ ಮೊಣಕಾಲೆತ್ತರ ಬರಲ್ಲ. ಮಳೆ ಬಂದ ಮಾರನೇ ದಿನ ತೋಪಿನೊಳಗೆ ಕಾಲಿಟ್ಟರೆ ಎಲೆ ಕೆಳಗಿನ ಮಣ್ಣು ಆಗಲೇ ಪುಡಿಪುಡಿ.

ನೆಡುತೋಪು

ನೀಲಗಿರಿ ಹಾಕಿದವರಲ್ಲಿ ನಾನೂ ಒಬ್ಬ. ಎಲ್ಲರೂ ಬೈಯೋ ಮೊದಲು ಕೇಳಿ. ರಾಗಿಗೆ ಕಳೆ ತೆಗೆಯಲು ಆಳು ಸಿಗಲ್ಲ. ಮಕ್ಕಳು ಫ್ಯಾಕ್ಟರಿಗೆ ಹೋಗ್ತಾರೆ. ಹೊಲ ಬೀಳು ಬಿಟ್ಟರೆ ಪಕ್ಕದವರು ಬೇಲಿ ಸರಿಸ್ತಾರೆ. ನೀಲಗಿರಿ ಆದರೆ ಒಂದು ಸಲ ನೆಟ್ಟರೆ ಆಯಿತು. ನಾಲ್ಕೈದು ವರ್ಷಕ್ಕೊಮ್ಮೆ ವ್ಯಾಪಾರಿ ತಾನೇ ಬಂದು ಕಡಿದು ದುಡ್ಡು ಕೊಟ್ಟು ಹೋಗ್ತಾನೆ. ಬುಡದಿಂದ ಮತ್ತೆ ಚಿಗುರುತ್ತೆ. ಇದನ್ನು ನೆಡಿ ಅಂತ ಸಸಿ ಕೊಟ್ಟಿದ್ದೂ ಸರ್ಕಾರವೇ. 2017ರಲ್ಲಿ ನೆಡಬೇಡಿ ಅಂದಿದ್ದೂ ಸರ್ಕಾರವೇ. ಇದ್ದ ತೋಪು ಕಿತ್ತು ಬುಡ ತೆಗೆಸಲು ಜೆಸಿಬಿ ಖರ್ಚು ಯಾರು ಕೊಡ್ತಾರೆ?

ಬೈರಮಂಗಲದ ಬದು

ಮೇಲಿನವರು ಹೊಳೆ ಬತ್ತಿತು ಅಂತ ಅಳ್ತೀರಿ. ನಮ್ಮ ಕಡೆ ಬಂದು ನೋಡಿ ಸ್ವಾಮಿ. ಇಲ್ಲಿ ವೃಷಭಾವತಿ ವರ್ಷಪೂರ್ತಿ ಹರಿಯುತ್ತೆ. ಬೇಸಿಗೆಯಲ್ಲೂ ನಿಲ್ಲಲ್ಲ. ಆದರೆ ಏನು ಹರಿಯುತ್ತೆ ಅಂತ ಮಾತ್ರ ಕೇಳಬೇಡಿ.

ವೃಷಭಾವತಿ ಹುಟ್ಟೋದು ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಅಂತ ಹೇಳ್ತಾರೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಕಟ್ಟಿದ್ದು ಈ ಹೊಳೆ ದಂಡೆ ಮೇಲೇ. ಈಗ ಅದಕ್ಕೆ ಹೆಸರು ಮೋರಿ. ಬೆಂಗಳೂರು ಕಾವೇರಿ ಕುಡಿದು, ಬಳಸಿ ಬಿಟ್ಟಿದ್ದರಲ್ಲಿ ದೊಡ್ಡ ಪಾಲು ಕೆಂಗೇರಿ ದಾಟಿ ನಮ್ಮ ಬೈರಮಂಗಲ ಕೆರೆಗೆ ಬಂತು. ಕಾರ್ಖಾನೆಗಳದ್ದೂ ಸೇರಿಕೊಂಡು ಬಂತು. ಮುಂದೆ ಹೋಗಿ ಅರ್ಕಾವತಿಗೆ ಸೇರುತ್ತೆ, ಅಲ್ಲಿಂದ ಕಾವೇರಿಗೆ.

ನಮ್ಮ ತಾತನ ಕಾಲದಲ್ಲಿ ಕೆರೆ ಕೆಳಗೆ ಭತ್ತ. ಈ ನೀರಿಗೆ ಭತ್ತ ಕಾಳು ಕಟ್ಟಲ್ಲ, ಬರೀ ಹುಲ್ಲು ಬೆಳೆಯುತ್ತೆ. ಹಾಗಾಗಿ ಎಲ್ಲರೂ ಬೇಬಿ ಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲಿಗೆ ಬಂದರು. ಹುಲ್ಲು ತಿಂದ ಹಸು ಹಾಲು ಕೊಡುತ್ತೆ, ಆ ಹಾಲು ಬೆಂಗಳೂರಿಗೇ ಹೋಗುತ್ತೆ. ಕೋಡಿಯಲ್ಲಿ ನೊರೆ ಎದೆಮಟ್ಟ ನಿಂತು, ಗಾಳಿಗೆ ರಸ್ತೆ ಮೇಲೆ ಹಾರುತ್ತಿತ್ತು. ಗದ್ದೆಗೆ ಇಳಿದರೆ ಕಾಲು ಕೆರೆತ. ಮೋಟಾರಿನ ಬಿಡಿಭಾಗ ತಿಂದುಹೋಗುತ್ತೆ. ಕುಡಿಯೋಕೆ ಬೋರ್ ನೀರು ತೆಗೆದರೆ ಅದರಲ್ಲೂ ಬಣ್ಣ.

ತಮಾಷೆ ಏನು ಗೊತ್ತಾ? ಈ ನೀರು ಬೇಡ ಅಂತ ಒಬ್ಬ ರೈತನೂ ಹೇಳಲ್ಲ. ಬಿಟ್ಟರೆ ಬೇರೆ ನೀರಿಲ್ಲ.

ಮಾಗಡಿ ರೋಡ್

ಸರಿ, ಮಳೆ ಬಗ್ಗೆ ನಾನು ವಾದ ಮಾಡಲ್ಲ. ಆದರೆ ಇನ್ನೊಂದು ಮುಖವೂ ಇದೆ. 2003ರಲ್ಲಿ ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶಕ್ಕೆ ಸರ್ಕಾರ ವಲಯ ಮಾಡಿ ಕಟ್ಟಡ, ಕೈಗಾರಿಕೆಗೆ ನಿರ್ಬಂಧ ಹಾಕಿತು. ಜಲಾಶಯದ ಹತ್ತಿರದವರು ಮನೆ ಕಟ್ಟಲೂ ಒದ್ದಾಡಿದರು. ಜಮೀನಿಗೆ ಬೆಲೆ ಬರಲಿಲ್ಲ. ಅದೇ ಹೊತ್ತಿಗೆ ದೊಡ್ಡವರ ರೆಸಾರ್ಟು, ಗೋದಾಮು, ಬಡಾವಣೆ ಎದ್ದವು. ಆಮೇಲೆ ನಿರ್ಬಂಧವನ್ನೂ ಸಡಿಲ ಮಾಡಿದರು. ಇಷ್ಟೆಲ್ಲಾ ಆಗಿ ಜಲಾಶಯಕ್ಕೆ ನೀರು ಬಂತಾ? ಇಲ್ಲ. ಬಡ ರೈತನನ್ನು ಕಟ್ಟಿಹಾಕಿದ್ದು ಮಾತ್ರ ಉಳಿಯಿತು. ಊರು ಬೆಳೀಬಾರದು ಅಂದರೆ ಹೇಗೆ? ಮಕ್ಕಳಿಗೆ ಕೆಲಸ ಬೇಡವಾ?

ಹಳೇ ಇಂಜಿನಿಯರು

ಸಣ್ಣ ರೈತನ ವಿಷಯದಲ್ಲಿ ನಿಮ್ಮ ಮಾತು ಸರಿ. ಆ ಆದೇಶ ನೆಲದ ಮೇಲೆ ಏನು ಕಟ್ಟುತ್ತೀರಿ ಅಂತ ನೋಡಿತು. ನೆಲದ ಕೆಳಗೆ ಎಷ್ಟು ಎತ್ತುತ್ತೀರಿ ಅನ್ನುವುದಕ್ಕೆ ಗಟ್ಟಿ ಹಿಡಿತ ಬರಲೇ ಇಲ್ಲ.

ಬಡಾವಣೆಯಿಂದ ಆಗುವ ಹಾನಿ ಬೇರೆ ತರಹದ್ದು. ಕೆರೆಯಿಂದ ಕೆರೆಗೆ ಹೋಗುವ ಕಾಲುವೆ ಪಹಣಿಯಲ್ಲಿ ಕರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅಂತ ಇರುತ್ತದೆ. ಸೈಟ್ ಮಾಡುವಾಗ ಮೊದಲು ಮುಚ್ಚುವುದು ಅದನ್ನೇ. ಎರಡು ಅಡಿ ಪೈಪ್ ಹೂತು ಮೇಲೆ ರಸ್ತೆ. ಮೇಲಿನ ಕೆರೆ ಕೋಡಿ ಬಿದ್ದರೂ ಕೆಳಗಿನ ಕೆರೆಗೆ ನೀರು ಹೋಗುವುದಿಲ್ಲ. ಆಮೇಲೆ ಜೋರು ಮಳೆ ಬಂದ ದಿನ ಅದೇ ಬಡಾವಣೆಯಲ್ಲಿ ಕಾರು ತೇಲುತ್ತದೆ, ಟಿವಿಯವರು ಬರುತ್ತಾರೆ.

ಸಕಲೇಶಪುರದವಳು

ರಾಗಿಹೊಲ ಅಣ್ಣ, ನಿಮ್ಮೂರ ಸಭೆಯಲ್ಲಿ "ಎತ್ತಿನಹೊಳೆ ನೀರು ಬರುತ್ತೆ" ಅಂದರಲ್ಲ, ಆ ಹೊಳೆ ಕಡೆಯವಳು ನಾನು. ಓದುತ್ತಾ ಇದ್ದೆ, ಬರೆಯಲೇಬೇಕು ಅನಿಸಿತು.

ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಇವೆಲ್ಲಾ ಘಟ್ಟದ ಮೇಲಿನ ಸಣ್ಣ ಹಳ್ಳಗಳು. ಕೆಳಗಿಳಿದು ಕುಮಾರಧಾರೆ, ನೇತ್ರಾವತಿಗೆ ಸೇರಬೇಕಾದವು. ಇವಕ್ಕೆ ಒಡ್ಡು ಕಟ್ಟಿ 24.01 ಟಿಎಂಸಿ ತೆಗೆದುಕೊಂಡು ಕೋಲಾರ, ಚಿಕ್ಕಬಳ್ಳಾಪುರ, ನಿಮ್ಮ ಕಡೆಗೆಲ್ಲಾ ಕಳಿಸುವ ಯೋಜನೆ. ಮೊದಲು ಎಂಟು ಸಾವಿರ ಕೋಟಿ ಚಿಲ್ಲರೆ ಅಂದರು. ಆಮೇಲೆ 12,912 ಕೋಟಿ. ಈಗ 23 ಸಾವಿರ ಕೋಟಿ ದಾಟಿದೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಬಾಗಿನ ಬಿಟ್ಟರು.

ನಮ್ಮ ಪ್ರಶ್ನೆ ಬಹಳ ಸರಳ. ಅಷ್ಟು ನೀರು ಅಲ್ಲಿ ಇದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಭಾಗದವರು ಲೆಕ್ಕ ಹಾಕಿದಾಗ ಅಲ್ಲಿ ಸಿಗುವ ಒಟ್ಟು ನೀರೇ 9.55 ಟಿಎಂಸಿ ಬಂತು. ಅದರಲ್ಲಿ ನಮ್ಮ ತೋಟ, ದನ, ಮನೆ, ಹೊಳೆಗೆ ಉಳಿಯಬೇಕಾದ್ದು ಕಳೆದರೆ ಏನು ಮಿಗುತ್ತದೆ? ಸರ್ಕಾರದವರು ಮಾತ್ರ ಅಷ್ಟು ನೀರು ಇದೆ ಅಂತಾರೆ.

ಕಾಮಗಾರಿ ನೋಡಬೇಕಾದರೆ ಮಳೆಗಾಲದಲ್ಲಿ ಬನ್ನಿ. ಪೈಪ್ ಹಾಕಲು ಬಗೆದ ಗುಡ್ಡದ ಕೆಂಪು ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಕಲ್ಲುಗಳ ಸಂದಿಯಲ್ಲಿ ಮೀನು ಮರಿ ಆಡುತ್ತಿದ್ದ ಜಾಗದಲ್ಲಿ ಈಗ ಕೈ ಹಾಕಿದರೆ ಬರೀ ಹೂಳು. ಏಲಕ್ಕಿ ಮಲೆಗೆ ಹೋಗುವ ದಾರಿಯೇ ಕುಸಿದಿದೆ.

ನಿಮಗೆ ನೀರು ಬೇಡ ಅಂತ ಹೇಳುತ್ತಿಲ್ಲ. ನಿಮ್ಮ ಕಷ್ಟ ಗೊತ್ತು. ಆದರೆ ನಿಮ್ಮ ಹೊಳೆ ಹೇಗೆ ಸತ್ತಿತು ಅಂತ ಮೇಲೆ ನೀವೇ ಬರೆದುಕೊಂಡಿದ್ದೀರಿ. ಅದನ್ನು ಸರಿ ಮಾಡದೆ ನಮ್ಮ ಹೊಳೆಗೆ ಕೈ ಹಾಕಿದರೆ ಅದು ಎಷ್ಟು ದಿನ ಬರುತ್ತದೆ?

ಕುಡ್ಲ ಭಟ್ರು

ಇದನ್ನೇ ನಾವು ಹೇಳುವುದು ಮಾರಾಯ್ರೆ. "ಸಮುದ್ರಕ್ಕೆ ಸುಮ್ಮನೆ ಹರಿದು ಹೋಗುವ ನೀರು" ಅಂತ ಬೆಂಗಳೂರಿನಲ್ಲಿ ಕೂತು ಹೇಳುತ್ತಾರೆ. ಏಪ್ರಿಲ್‌ನಲ್ಲಿ ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿಗೆ ಬಂದು ನೋಡಲಿ. 2019ರಲ್ಲಿ, 2023ರಲ್ಲಿ ಮಂಗಳೂರಿಗೇ ದಿನ ಬಿಟ್ಟು ದಿನ ನೀರು ಕೊಡುವ ಹಾಗಾಯಿತು. ಸಿಹಿನೀರು ಕೆಳಗೆ ಬರದಿದ್ದರೆ ಅಳಿವೆಯ ಉಪ್ಪುನೀರು ಮೇಲೆ ಹತ್ತುತ್ತದೆ, ಬಾವಿ ಉಪ್ಪಾಗುತ್ತದೆ. ಮೀನಿಗೂ ಹೊಳೆ ನೀರು ಬೇಕು. ಸುಮ್ಮನೆ ಹರಿಯುವುದು ಅಂತ ಯಾವುದೂ ಇಲ್ಲ.

ಕೋಲಾರದ ಮಾವು

ಭಟ್ರೇ, ನೀವು ಮೂರು ಸಾವಿರ ಮಿ.ಮೀ. ಮಳೆಯಲ್ಲಿ ನೆನೆಯುವವರು. ನಮಗೆ ಏಳುನೂರು. ಬೇಸರ ಮಾಡಿಕೊಳ್ಳಬೇಡಿ, ಹೊಟ್ಟೆ ಉರಿ ಅಷ್ಟೆ.

ನಾವು ಹೊಳೆ ನೀರು ಕಾಯುತ್ತಾ ಕೂತಿದ್ದಾಗ ಬಂದಿದ್ದು ಬೆಂಗಳೂರಿನ ಕೊಳಚೆ ನೀರು. ಅದನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಕೆಸಿ ವ್ಯಾಲಿ ಯೋಜನೆ. 2018ರಲ್ಲಿ ಶುರುವಾಯಿತು. ಬಂದ ಹೊಸದರಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ಗಲಾಟೆಯಾಯಿತು. ಸುಪ್ರೀಂ ಕೋರ್ಟ್ ತನಕ ಹೋಯಿತು. ಈಗಲೂ ಎರಡೇ ಹಂತ ಶುದ್ಧ ಮಾಡಿ ಬಿಡುವುದು. ಮೂರನೇ ಹಂತ ಬೇಕು ಅಂತ ಇಲ್ಲಿನವರು ಕೇಳುತ್ತಲೇ ಇದ್ದಾರೆ.

ಆದರೆ ನಿಜ ಹೇಳಬೇಕಲ್ವಾ. ಕೆರೆ ತುಂಬಿದ ಸುತ್ತಮುತ್ತ ಬತ್ತಿದ ಬೋರುಗಳಲ್ಲಿ ನೀರು ಬಂದಿದೆ. ಅದು ಕಂಡ ಕೂಡಲೇ ನಮ್ಮವರು ಏನು ಮಾಡಿದರು? ಟೊಮೆಟೊ ಜಾಸ್ತಿ ಹಾಕಿದರು, ಹೊಸ ಬೋರು ಹಾಕಿಸಿದರು. ಮಟ್ಟ ಮೇಲೆ ಬರಲು ಬಿಡಬೇಕಲ್ಲ.

ಬೈರಮಂಗಲದ ಬದು

ಕೋಲಾರದವರೇ, ಶುಭವಾಗಲಿ. ಹತ್ತು ವರ್ಷ ಬಿಟ್ಟು ಮಣ್ಣು ಪರೀಕ್ಷೆ ಮಾಡಿಸಿ ಇಲ್ಲೇ ಬರೆಯಿರಿ.

ನಿರ್ವಾಹಕ

ಪಕ್ಷ, ಜಾತಿ ಎಳೆದು ತಂದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಮೇಕೆದಾಟು ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆರೆಸಬೇಡಿ.

ಬೋರ್‌ಲಾರಿ

ಒಂದೇ ಮಾತು, ಮೇಕೆದಾಟು ಬಗ್ಗೆ ಅಲ್ಲ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ಉಪಮುಖ್ಯಮಂತ್ರಿಗಳೇ ನಮ್ಮ ಮನೆ ಬೋರೂ ಬತ್ತಿದೆ ಅಂದರು. ಆ ತಿಂಗಳು ನಮಗೆ ನಿದ್ದೆ ಮಾಡೋಕೂ ಟೈಮ್ ಇರಲಿಲ್ಲ, ಅಷ್ಟು ಕೆಲಸ. ಇದ್ದ ಬೋರು ಬತ್ತಿದ್ದಕ್ಕೆ ಪರಿಹಾರ ಇನ್ನೊಂದು ಬೋರು! ನನ್ನ ಹೊಟ್ಟೆಪಾಡು ಇದೇ, ಆದರೂ ಹೇಳ್ತಿದೀನಿ.

ಹಳೇ ಇಂಜಿನಿಯರು

"ಅದು ಎಷ್ಟು ದಿನ ಬರುತ್ತದೆ" ಅಂತ ಸಕಲೇಶಪುರದ ಅಮ್ಮ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಒಂದಿಷ್ಟು ಲೆಕ್ಕ ಹೇಳುತ್ತೇನೆ.

ಬೆಂಗಳೂರಿಗೆ ಕಾವೇರಿ ನಾಲ್ಕು ಹಂತದಲ್ಲಿ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಗಿ ಇನ್ನೂ 77.5 ಕೋಟಿ ಲೀಟರ್ ಸೇರಿತು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿ.ಮೀ. ದೂರ, ಅರ್ಧ ಕಿ.ಮೀ. ಎತ್ತರ, ಎಲ್ಲಾ ಪಂಪಿನಲ್ಲಿ. ಪ್ರತಿ ಹಂತ ಬಂದಾಗಲೂ "ಇನ್ನು ಇಷ್ಟು ವರ್ಷ ಚಿಂತೆಯಿಲ್ಲ" ಅಂದರು. ಪ್ರತಿ ಸಲವೂ ಪೈಪ್ ಬರುವ ಮೊದಲೇ ಊರು ಅದನ್ನು ದಾಟಿತ್ತು. ಹೆಸರಘಟ್ಟ, ಆಮೇಲೆ ತಿಪ್ಪಗೊಂಡನಹಳ್ಳಿ, ಆಮೇಲೆ ಕಾವೇರಿ, ಈಗ ಎತ್ತಿನಹೊಳೆ. ಎತ್ತಿನಹೊಳೆ ನೀರಿನ ಒಂದು ಪಾಲನ್ನು ತಿಪ್ಪಗೊಂಡನಹಳ್ಳಿಗೇ ತುಂಬಿಸುವ ಯೋಜನೆಯೂ ಇದೆ. ಅಂದರೆ ಬತ್ತಿಸಿದ ಹೊಳೆಯ ಜಲಾಶಯಕ್ಕೆ ಇನ್ನೊಂದು ಹೊಳೆ ತಂದು ಸುರಿಯುವುದು. ನಾನು ಇಲಾಖೆಯಲ್ಲಿ ಪೈಪ್ ಹಾಕಿಸಿಯೇ ಸಂಬಳ ತೆಗೆದುಕೊಂಡವನು. ಪೈಪ್ ಬೇಡ ಅಂತ ಹೇಳಲ್ಲ. ಆದರೆ ಕೆಳಗಿನ ತೂತು ಮುಚ್ಚದೆ ಮೇಲಿಂದ ಸುರಿಯುವ ಕೆಲಸಕ್ಕೆ 23 ಸಾವಿರ ಕೋಟಿ ಜಾಸ್ತಿಯೇ.

ಅರ್ಕಾವತಿ ಮೊದಲಿನ ಹಾಗೆ ಹರಿಯುತ್ತದೆ ಅಂತ ಸುಳ್ಳು ಆಸೆ ಕೊಡಲಾರೆ. ಸಾವಿರ ಅಡಿ ಖಾಲಿ ಮಾಡಿದ್ದು ನಾಲ್ಕು ಮಳೆಗೆ ತುಂಬುವುದಿಲ್ಲ. ಆದರೆ ಮೇಲಿನ ಪದರ ಬೇರೆ. ನಾಲ್ಕೈದು ಊರಿನವರು ಒಟ್ಟಿಗೆ ಎತ್ತುವುದು ಕಡಿಮೆ ಮಾಡಿದರೆ ತೆರೆದ ಬಾವಿಗಳಲ್ಲಿ ಬದಲಾವಣೆ ಕಾಣುತ್ತದೆ. ಒಂದೂರಿನವರು ಮಾತ್ರ ಮಾಡಿದರೆ ಪಕ್ಕದೂರಿನ ಬೋರು ಕುಡಿದುಬಿಡುತ್ತದೆ, ಇದೇ ದೊಡ್ಡ ತೊಡಕು.

ನೆಡುತೋಪು

ಜೆಸಿಬಿ ಖರ್ಚಿನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ರಾಗಿಹೊಲ (ದೊಡ್ಡಬಳ್ಳಾಪುರ)

ನೆಡುತೋಪು ಅವರೇ, ನರೇಗಾದಲ್ಲಿ ಬದು, ಕೃಷಿಹೊಂಡಕ್ಕೆ ದುಡ್ಡು ಕೊಡುತ್ತಿದ್ದರು. ನೀಲಗಿರಿ ಬುಡ ತೆಗೆಸಲೂ ಪಂಚಾಯಿತಿಯಿಂದ ಏನಾದರೂ ಮಾಡಬಹುದಾ ಅಂತ ಸಭೆಯಲ್ಲಿ ಕೇಳುತ್ತೇನೆ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ, ನಮ್ಮ ಊರಲ್ಲೂ ಅರ್ಧ ಜನ ಇದೇ ಹೇಳುತ್ತಾರೆ.

ಉಳಿದ ಹಾಗೆ ನಾನು ಸಭೆಯಲ್ಲಿ ಇಡಬೇಕು ಅಂದುಕೊಂಡಿದ್ದು ಇಷ್ಟು. ಹೊಸ ಬೋರು ಕೊರೆಯಲು ನಮ್ಮಂಥ ಅತಿಬಳಕೆಯ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆ ಪ್ರಕಾರ ಅನುಮತಿ ಬೇಕು. ನಮ್ಮೂರಲ್ಲಿ ಯಾರೂ ತೆಗೆದುಕೊಂಡಿಲ್ಲ, ಕೇಳಿದವರೂ ಇಲ್ಲ. ಮನೆ ಮನೆಗೆ ಹೋಗಿ ಜಗಳ ಮಾಡುವುದಕ್ಕಿಂತ ಪಂಚಾಯಿತಿಯೇ ಮೊದಲು ತನ್ನ ಬೋರಿಗೆ ಅನುಮತಿ ತೆಗೆದುಕೊಳ್ಳಲಿ. ಮೇಲಿನ ಕೆರೆಯಿಂದ ನಮ್ಮ ಕೆರೆಗೆ ಬರುವ ಕಾಲುವೆಯ ಸರ್ವೆ ಮಾಡಿಸಬೇಕು. ಅದರ ಮೇಲೆ ಈಗ ಒಂದು ಗೋದಾಮಿನ ಕಾಂಪೌಂಡ್ ಇದೆ, ಯಾರದ್ದು ಅಂತ ಇಲ್ಲಿ ಬರೆಯಲ್ಲ. ಆಮೇಲೆ ಊರಲ್ಲಿ ಇನ್ನೂ ಮುಚ್ಚದೆ ಉಳಿದ ತೆರೆದ ಬಾವಿಗಳ ನೀರಿನ ಮಟ್ಟ ಬರೆದಿಡಬೇಕು. ಶಾಲೆಯ ಹುಡುಗರು ಮಾಡ್ತೀವಿ ಅಂದಿದ್ದಾರೆ. ಇಂಜಿನಿಯರ್ ಸರ್, ಅಳೆಯುವುದು ಹೇಗೆ ಅಂತ ಸ್ವಲ್ಪ ಹೇಳ್ತೀರಾ?

ಹಳೇ ಇಂಜಿನಿಯರು

ಬಾವಿಕಟ್ಟೆಯ ಮೇಲೆ ಒಂದು ಕಡೆ ಬಣ್ಣದಲ್ಲಿ ಗುರುತು ಹಾಕಿ. ಪ್ರತಿ ಸಲ ಅಲ್ಲಿಂದಲೇ ಟೇಪ್ ಇಳಿಸಬೇಕು. ಟೇಪ್ ತುದಿಗೆ ಭಾರ ಕಟ್ಟಿ, ಮೇಲೆ ಸೀಮೆಸುಣ್ಣ ಸವರಿದರೆ ಎಲ್ಲಿಯವರೆಗೆ ಒದ್ದೆಯಾಯಿತು ಅಂತ ಗೊತ್ತಾಗುತ್ತದೆ. ಬೆಳಗ್ಗೆ, ಸುತ್ತ ಯಾರೂ ಮೋಟಾರ್ ಹಾಕುವ ಮೊದಲು ಅಳೆಯಿರಿ. ತಿಂಗಳಿಗೊಮ್ಮೆ ಸಾಕು, ಆದರೆ ಮೇ ಕೊನೆ ಮತ್ತು ನವೆಂಬರ್ ಮಾತ್ರ ತಪ್ಪಿಸಬೇಡಿ. ಮಳೆಗೆ ಮುಂಚೆ ಎಷ್ಟಿತ್ತು, ಮಳೆ ಆದ ಮೇಲೆ ಎಷ್ಟು ಏರಿತು ಅನ್ನುವುದೇ ಬೇಕಾದದ್ದು. ಪಕ್ಕದಲ್ಲಿ ಆ ತಿಂಗಳ ಮಳೆಯನ್ನೂ ಬರೆಯಿರಿ. ಹುಡುಗರು ಬಾವಿಗೆ ಬಗ್ಗದ ಹಾಗೆ ದೊಡ್ಡವರೊಬ್ಬರು ಜೊತೆಗಿರಲಿ, ಹಳೇ ಕಟ್ಟೆ ಕಲ್ಲು ಸಡಿಲವಾಗಿರುತ್ತವೆ.

ಸಕಲೇಶಪುರದವಳು

ಅಳೆದದ್ದನ್ನು ಇಲ್ಲೂ ಹಾಕಿ ಅಣ್ಣ. ನಮ್ಮ ಹಳ್ಳದ ಮಟ್ಟ ನಾನು ಜೂನ್‌ನಿಂದ ಬರೆಯುತ್ತೇನೆ. ಒಡ್ಡಿನ ಮೇಲೆ ಎಷ್ಟು, ಕೆಳಗೆ ಎಷ್ಟು, ಎರಡೂ.